ಯೆಜ್ಡಿಗೆ ಆರು ತಿಂಗಳ ರಜೆ

ನಮ್ಮ ದೊಡ್ಡಬಳ್ಳಾಪುರದ ಕಡೆ ಹಿಮ ಬೀಳಲ್ಲ. ಡಿಸೆಂಬರ್‌ನಲ್ಲಿ ಬೀಳೋದು ಇಬ್ಬನಿ, ಘಮಘಮಿಸೋದು ಸೊಗಡವರೆ. ಹಾಗಾಗಿ ಚಳಿಗಾಲಕ್ಕೆ ಅಂತ ಬೈಕನ್ನು ಎತ್ತಿಡೋ ಪದ್ಧತಿಯೇ ನಮ್ಮಲ್ಲಿಲ್ಲ. ಅದು ಬೇಕು ಅಂತ ನನಗೂ ಗೊತ್ತಿರಲಿಲ್ಲ, ಅಪ್ಪನ ಯೆಜ್ಡಿಯನ್ನು ಕೈಯಾರೆ ಹಾಳು ಮಾಡೋವರೆಗೂ.

ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗೋ ದಾರಿಯಲ್ಲಿ ನಮ್ಮ ಮನೆ. ಬೆಳಗಾದರೆ ಪವರ್‌ಲೂಮ್‌ಗಳ ಸದ್ದು, ಮಾಕಳಿದುರ್ಗದ ಕಡೆ ಹೋಗೋ ರೈಲಿನ ಸದ್ದು, 2008ರ ನಂತರ ದೇವನಹಳ್ಳಿ ವಿಮಾನಗಳ ಸದ್ದೂ ಸೇರಿಕೊಂಡಿತು. ಇವೆಲ್ಲದರ ನಡುವೆ ಯೆಜ್ಡಿ ರೋಡ್‌ಕಿಂಗ್ ಸದ್ದು ಬೇರೆಯೇ. ಅಪ್ಪ ಅದನ್ನು ಕೊಂಡಿದ್ದು 1989ರಲ್ಲಿ. ಮನೆಯ ಎರಡು ಮಗ್ಗಗಳಲ್ಲಿ ನೇಯ್ದ ಸೀರೆಗಳನ್ನು ಗಂಟು ಕಟ್ಟಿ, ಹಿಂದಿನ ಸೀಟಿಗೆ ಬಿಗಿದು, ಸುಮಾರು 40 ಕಿ.ಮೀ. ದೂರದ ಚಿಕ್ಕಪೇಟೆಗೆ ಹೊರಡೋರು. ನನ್ನ ಇಂಜಿನಿಯರಿಂಗ್ ಫೀಸು ಆ ಸೀಟಿನ ಮೇಲೆ ಕೂತೇ ಬಂದಿದ್ದು ಅನ್ನಬಹುದು.

ಮೂರು ವರ್ಷದ ಹಿಂದೆ ಕಂಪನಿಯವರು ಎಂಟು ತಿಂಗಳಿಗೆ ಮ್ಯೂನಿಕ್‌ಗೆ ಕಳಿಸಿದರು. ಹೊರಡೋ ಹಿಂದಿನ ರಾತ್ರಿ ಗಾಡಿಯನ್ನು ಹಿತ್ತಿಲಿನ ಶೀಟಿನ ಕೆಳಗೆ ನಿಲ್ಲಿಸಿ, ನೀಲಿ ಟಾರ್ಪಾಲು ಹೊದಿಸಿ, ಹಗ್ಗ ಕಟ್ಟಿದೆ. ಹತ್ತು ನಿಮಿಷದ ಕೆಲಸ.

ಅಲ್ಲಿ ಅಕ್ಟೋಬರ್ ಕೊನೆಗೆ ನನ್ನ ಜೊತೆ ಕೆಲಸ ಮಾಡೋನೊಬ್ಬ ತನ್ನ ಬೈಕಿಗೆ ಇಡೀ ಶನಿವಾರ ಕೊಟ್ಟಿದ್ದನ್ನು ನೋಡಿದೆ. ತೊಳೆದ, ಒರೆಸಿದ, ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟ. ಅವನ ನಂಬರ್ ಪ್ಲೇಟಿನ ಒಂದು ಪಕ್ಕದಲ್ಲಿ 03, ಅದರ ಕೆಳಗೆ 10 ಅಂತ ಬರೆದಿತ್ತು. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಆ ಬೈಕ್ ರಸ್ತೆಗಿಳಿಯಬಹುದು, ತೆರಿಗೆ ಮತ್ತು ಇನ್ಶೂರೆನ್ಸ್ ಕೂಡ ಅಷ್ಟೇ ತಿಂಗಳಿಗೆ. ನೋಡಿ ಖುಷಿಪಟ್ಟೆ, ಫೋಟೋ ತೆಗೆದೆ. ಮನೆಗೆ ಒಂದು ಫೋನ್ ಮಾಡಿ ‘ಆ ಟಾರ್ಪಾಲು ತೆಗೆದುಬಿಡಿ’ ಅಂತ ಹೇಳೋಕೆ ಮಾತ್ರ ಹೊಳೀಲಿಲ್ಲ.

ವಾಪಸ್ ಬಂದು ಹಗ್ಗ ಬಿಚ್ಚಿದಾಗ ಏರ್ ಫಿಲ್ಟರ್‌ನಲ್ಲಿ ಇಲಿ ಗೂಡು. ಟ್ಯಾಂಕಿನೊಳಗೆ ತುಕ್ಕು. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಒಣಗಿ ಅಂಟು ಅಂಟು. ಕಿಕ್ಕರ್ ಅಲ್ಲಾಡಲಿಲ್ಲ, ಪಿಸ್ಟನ್ ಕಚ್ಚಿಕೊಂಡಿತ್ತು. ಅಪ್ಪ ಬೈಯಲಿಲ್ಲ. ‘ನಿಲ್ಲಿಸಿದ್ದು ನಿಲ್ಲಿಸ್ದಂಗೇ ಇರ್ತದೆ ಅನ್ಕಂಡಿದ್ಯಾ?’ ಅಂತ ಒಂದೇ ಮಾತು ಕೇಳಿ ಒಳಗೆ ಹೋದರು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದೆ. ಬಿಡಿಭಾಗ ಹುಡುಕಿ ಗಾಡಿ ಮತ್ತೆ ಹೊಗೆ ಬಿಡೋಷ್ಟರಲ್ಲಿ ಐದು ತಿಂಗಳಾಯ್ತು.

ಈ ಸಲ ಮತ್ತೆ ಆರು ತಿಂಗಳು ಮ್ಯೂನಿಕ್ ಅಂದಾಗ ಟಿಕೆಟ್‌ಗಿಂತ ಮೊದಲು ಮೆಕ್ಯಾನಿಕ್ ಅಣ್ಣನ ಹತ್ರ ಹೋದೆ. ಅವರು ಹೇಳಿದಂತೆ ನಾನು, ಅಪ್ಪ ಒಂದು ಭಾನುವಾರ ಕೂತೆವು.

ಮೊದಲು ಘಾಟಿವರೆಗೆ ಓಡಿಸಿ ಇಂಜಿನ್ ಚೆನ್ನಾಗಿ ಬಿಸಿ ಮಾಡಿದ್ವಿ. ಬಂದು ತೊಳೆದು, ಪೂರ್ತಿ ಒಣಗಿಸಿದ್ವಿ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತೆ. ಅದಕ್ಕೇ ಟ್ಯಾಂಕ್ ಖಾಲಿ ಮಾಡಿ, ಒಳಗೆ ಒಂದಿಷ್ಟು ಟೂ-ಟಿ ಆಯಿಲ್ ಹಾಕಿ ಎಲ್ಲ ಕಡೆ ಸವರೋ ಹಾಗೆ ಅಲ್ಲಾಡಿಸಿದ್ವಿ. ಕಾರ್ಬುರೇಟರ್ ಕೂಡ ಖಾಲಿ. ಪ್ಲಗ್ ಬಿಚ್ಚಿ ಆ ತೂತಿಗೆ ಒಂದು ಚಮಚ ಆಯಿಲ್, ನಿಧಾನಕ್ಕೆ ನಾಲ್ಕು ಕಿಕ್, ಮತ್ತೆ ಪ್ಲಗ್. ಬ್ಯಾಟರಿ ಬಿಚ್ಚಿ ಮನೆಯೊಳಗೆ. ಇಲಿ ನುಗ್ಗದ ಹಾಗೆ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಮೇಲೆ ತಂತಿಬಲೆ ಸುತ್ತಿದ್ವಿ. ಗಾಡಿ ಮೇನ್ ಸ್ಟ್ಯಾಂಡ್ ಮೇಲೆ ನಿಂತಿತು. ಟಾರ್ಪಾಲು ಒಳಗಿನ ತೇವವನ್ನು ಹೊರಗೆ ಬಿಡಲ್ಲ. ಅದಕ್ಕೆ ಈ ಸಲ ಅಮ್ಮನ ಎರಡು ಹಳೇ ಹತ್ತಿ ಸೀರೆ.

ಎಲ್ಲಾ ಸರಿಯಿತ್ತು, ಅಪ್ಪ ಬಾಯಿ ಬಿಡೋವರೆಗೆ. ‘ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಐದ್ ನಿಮ್ಷ ಬಿಡ್ತೀನಿ.’

‘ಬೇಡಪ್ಪ. ಪೆಟ್ರೋಲ್ ಉರಿದಾಗ ನೀರಾವಿ ಬರುತ್ತೆ. ಐದು ನಿಮಿಷಕ್ಕೆ ಸೈಲೆನ್ಸರ್ ಸರಿಯಾಗಿ ಬಿಸಿ ಆಗಲ್ಲ, ಆ ನೀರು ಒಳಗೇ ಉಳಿದು ತುಕ್ಕು ಹಿಡಿಯುತ್ತೆ. ಸ್ಟಾರ್ಟ್ ಮಾಡಿದ್ರೆ ಹತ್ತು ಕಿಲೋಮೀಟರ್ ಓಡಿಸ್ಬೇಕು, ಇಲ್ಲಾಂದ್ರೆ ಮುಟ್ಲೇಬಾರ್ದು.’

ಅಪ್ಪ ತಮ್ಮ ಮೊಣಕಾಲು ನೋಡಿಕೊಂಡರು. ಎರಡು ವರ್ಷದಿಂದ ಅವರಿಗೆ ಕಿಕ್ ಹೊಡೆಯೋಕಾಗಲ್ಲ. ‘ಹಂಗಾದ್ರೆ ನಾನೇನ್ ಮಾಡ್ಲಿ? ಸುಮ್ನೆ ನೋಡ್ಕಂಡ್ ಕೂತ್ಕಳದಾ?’

ನನಗೆ ಮಾತು ಹೊರಡಲಿಲ್ಲ. ಬೈಕಿನ ವಿಷಯಕ್ಕೆ ಮಾತ್ರ ಕೇಳಿದ ಪ್ರಶ್ನೆ ಅದಾಗಿರಲಿಲ್ಲ.

ದಾರಿ ತೋರಿಸಿದ್ದು ಮೆಕ್ಯಾನಿಕ್ ಅಣ್ಣನೇ. ಫೋನ್‌ನಲ್ಲಿ ಹೇಳಿದರು: ‘ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರನ ಕೈಯಲ್ಲಿ ನಿಧಾನಕ್ಕೆ ಮುಂದಕ್ಕೆ ತಿರುಗ್ಸಕ್ಕೆ ಹೇಳಿ. ಒಳಗೆ ಪಿಸ್ಟನ್ ಆಡುತ್ತೆ, ಕಚ್ಕೊಳ್ಳಲ್ಲ.’ ಅಪ್ಪ ಸ್ಟೂಲ್ ಹಾಕಿಕೊಂಡು ಕೂತು ತಿರುಗಿಸಿ ನೋಡಿದರು. ಮಗ್ಗದ ಕೈ, ಹದ ತಾನಾಗೇ ಬಂತು.

ಈಗ ಜನವರಿ, ಮ್ಯೂನಿಕ್‌ನಲ್ಲಿ ಕಿಟಕಿ ಹೊರಗೆ ಹಿಮ. ಭಾನುವಾರದ ವಿಡಿಯೊ ಕಾಲ್‌ನಲ್ಲಿ ಅಪ್ಪ ಘಾಟಿ ದನಗಳ ಜಾತ್ರೆ ಸುದ್ದಿ ಹೇಳ್ತಾ ಫೋನನ್ನು ಗೋಡೆ ಕಡೆ ತಿರುಗಿಸಿದರು. ಕ್ಯಾಲೆಂಡರ್‌ನಲ್ಲಿ ಅಮ್ಮನ ಹಾಲಿನ ಲೆಕ್ಕದ ಪಕ್ಕ, ಪ್ರತಿ ಭಾನುವಾರದ ಮೇಲೂ ಒಂದು ಸಣ್ಣ ಸೊನ್ನೆ. ಚಕ್ರದ ಗುರುತಂತೆ.

‘ಕಾಲು ಹೇಗಿದೆಯಪ್ಪ?’ ಅಂದೆ.

‘ಗಾಡಿ ಚೆನ್ನಾಗದೆ’ ಅಂದರು.

ಮುಂದಿನ ವಾರ ಮೂಳೆ ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ಆ ತಾರೀಖಿಗೂ ಒಂದು ಸೊನ್ನೆ ಹಾಕು ಅಂತ ಅಮ್ಮನಿಗೆ ಹೇಳಿದೀನಿ.