ನಿಂತರೂ ನಿದ್ದೆ ಮಾಡದ ಗಾಡಿ

ಮನೆಯನ್ನು ಚಕ್ರದ ಮೇಲೆ ಹೇರಿಕೊಂಡು ಊರೂರು ಸುತ್ತುವ ಹುಚ್ಚು ಬ್ರಿಟನ್ನಿನವರಿಗೆ ಬಹಳ. ಬೇಸಿಗೆ ಬಂತೆಂದರೆ ಸಾಕು, ಅಲ್ಲಿನ ರಸ್ತೆಗಳಲ್ಲಿ ಸಾಲು ಸಾಲು ಕ್ಯಾಂಪರ್‌ವ್ಯಾನುಗಳು. ಹೊರಗಿನಿಂದ ನೋಡಿದರೆ ನಮ್ಮ ಕಡೆಯ ಮದುವೆ ದಿಬ್ಬಣದ ವ್ಯಾನಿನ ಹಾಗೇ. ಬಾಗಿಲು ಸರಿಸಿ ಒಳಗೆ ಕಾಲಿಟ್ಟರೆ ಮಾತ್ರ ಪುಟ್ಟದೊಂದು ಸಂಸಾರ! ಎರಡು ಉರಿಯ ಗ್ಯಾಸ್ ಒಲೆ, ಪಾತ್ರೆ ತೊಳೆಯಲು ಅಂಗೈಯಗಲದ ಸಿಂಕು, ಮೊಣಕಾಲೆತ್ತರದ ಫ್ರಿಜ್ಜು, ಹಗಲು ಕೂರುವ ಬೆಂಚಾಗಿ ರಾತ್ರಿ ಮಂಚವಾಗುವ ಹಲಗೆ. ಮೇಲಿನ ಛಾವಣಿಯನ್ನು ಎತ್ತಿದರೆ ಇನ್ನಿಬ್ಬರಿಗೆ ಹಾಸಿಗೆ. ಸಾಸಿವೆ ಡಬ್ಬಿಯಿಂದ ಹಿಡಿದು ಕಂಬಳಿಯವರೆಗೆ ಪ್ರತಿಯೊಂದಕ್ಕೂ ಒಂದೊಂದು ಗೂಡು. ಇದನ್ನು ಜೋಡಿಸಿದವನು ಗಂಡಸೇ ಆಗಿದ್ದರೆ ಅವನ ಹೆಂಡತಿ ಪುಣ್ಯವಂತೆ!

2024ರ ಮೇ ಕೊನೆಯಲ್ಲಿ ಇಂಥದೊಂದು ಗಾಡಿಯಲ್ಲಿ ನಾವು ನಾಲ್ವರು, ಎಂದರೆ ಮಗ, ಸೊಸೆ, ನಮ್ಮವರು ಮತ್ತು ನಾನು, ಗ್ಲಾಸ್ಗೋದಿಂದ ಸ್ಕೈ ದ್ವೀಪಕ್ಕೆ ಹೊರಟೆವು. ಗಾಡಿ ಹಿಂದಿನ ಚಳಿಗಾಲದಲ್ಲಿ ಮಗ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡದ್ದು. ಸೊಸೆ ಗ್ಲಾಸ್ಗೋದ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳಿಗೆ ಸಿಕ್ಕಿದ್ದು ನಾಲ್ಕೇ ದಿನದ ರಜೆ. ಸೋಮವಾರ ರಾತ್ರಿ ಡ್ಯೂಟಿಗೆ ಹಾಜರಾಗಲೇಬೇಕು.

ದಾರಿಯ ಸೊಬಗನ್ನು ಬಣ್ಣಿಸಲು ಹೊರಟರೆ ಈ ಪುಟ ಸಾಲದು. ಲೋಮಂಡ್ ಸರೋವರದ ದಂಡೆ ಹಿಡಿದು ಉತ್ತರಕ್ಕೆ ಹೋದರೆ ಗ್ಲೆನ್ಕೋ ಕಣಿವೆ. ಎರಡೂ ಕಡೆ ಬೋಳು ಬೆಟ್ಟ, ನಡುವೆ ಮಂಜು. 1692ರಲ್ಲಿ ಇಲ್ಲಿ ಅತಿಥಿಗಳಾಗಿ ಬಂದು ಉಂಡು ಮಲಗಿದ್ದ ಸೈನಿಕರು ಮನೆಯವರನ್ನೇ ಕೊಂದರಂತೆ. ಉಂಡ ಮನೆಗೆ ಎರಡು ಬಗೆದ ಕಥೆ ಕೇಳಿ ಕುತ್ತಿಗೆಯ ಸುತ್ತ ಶಾಲು ಇನ್ನಷ್ಟು ಬಿಗಿದುಕೊಂಡೆ. ಮುಂದೆ ನೀರಿನ ನಡುವೆ ನಿಂತ ಐಲೀನ್ ಡೋನನ್ ಕೋಟೆ. ಅದನ್ನು ದಾಟಿದರೆ ಸ್ಕೈ ಸೇತುವೆ. 1995ರವರೆಗೆ ಇಲ್ಲಿ ಗಾಡಿಗಳನ್ನೆಲ್ಲ ದೋಣಿಗೆ ಹತ್ತಿಸಿ ದಾಟಿಸುತ್ತಿದ್ದರಂತೆ, ಹಿಂದೆ ನಮ್ಮ ಸಿಗಂದೂರಿನಲ್ಲಿದ್ದ ಲಾಂಚಿನ ಹಾಗೆ.

ನಾವು ಬಿಡಾರ ಹೂಡಿದ್ದು ಸ್ಲಿಗಾಹನ್ ಎಂಬಲ್ಲಿ. ಎದುರಿಗೆ ಕೂಲಿನ್ ಎಂಬ ಕರಿಕಲ್ಲಿನ ಗರಗಸದಂಥ ಬೆಟ್ಟಸಾಲು, ಪಕ್ಕದಲ್ಲಿ ತೊರೆ, ತೊರೆಗೆ ಹಳೆಯ ಕಲ್ಲುಸೇತುವೆ. ಆ ತೊರೆಯಲ್ಲಿ ಏಳು ಸೆಕೆಂಡು ಮುಖ ಮುಳುಗಿಸಿದರೆ ಅಳಿಯದ ಚೆಲುವು ಬರುತ್ತದೆಂದು ಐತಿಹ್ಯ. ನಾನೂ ಮುಳುಗಿಸಿದೆ. ಐಸಿನಂಥ ನೀರು! ಚೆಲುವು ಬಂತೋ ಇಲ್ಲವೋ, ನೆಗಡಿಯಂತೂ ಬಂತು. "ಇನ್ನೂ ಏಳು ಸೆಕೆಂಡು ಮುಳುಗಿಸಬೇಕಿತ್ತು" ಎಂದರು ನಮ್ಮವರು.

ಅಲ್ಲಿ ಒಮ್ಮೆ ಗಾಡಿ ನಿಲ್ಲಿಸಿದ ಮೇಲೆ ಮತ್ತೆ ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ತೆಗೆಯಬೇಕೆಂದರೆ ಹಾಸಿಗೆ ಮಡಚಿ, ಛಾವಣಿ ಇಳಿಸಿ, ಪಾತ್ರೆ ಪಗಡೆಯನ್ನೆಲ್ಲ ಗೂಡಿಗೆ ಸೇರಿಸಬೇಕು. ಪೋರ್ಟ್ರೀ ಪೇಟೆಗೆ ಬಸ್ಸಿದೆ, ಬೆಟ್ಟಕ್ಕೆ ಕಾಲುದಾರಿಯಿದೆ. ಹೀಗಾಗಿ ಮೂರು ರಾತ್ರಿ ಗಾಡಿ ನಿಂತಲ್ಲೇ ನಿಂತಿತು. ಸಂಜೆ ಗಾಳಿ ನಿಂತರೆ ಮಿಜ್ ಎಂಬ ನುಸಿಯ ಕಾಟ ಬೇರೆ. ಸಾಸಿವೆಗಿಂತ ಸಣ್ಣದು, ಕಚ್ಚಿದರೆ ಬೆಂಕಿ. ಹಾಗಾಗಿ ಬಾಗಿಲನ್ನು ತೆರೆಯುವುದು, ದಡಕ್ಕನೆ ಮುಚ್ಚುವುದು, ಮತ್ತೆ ತೆರೆಯುವುದು. ಒಬ್ಬರು ಚಪ್ಪಲಿಗೆ, ಒಬ್ಬರು ನೀರಿಗೆ. ದಿನಕ್ಕೆ ಐವತ್ತು ಸಲವಾದರೂ ಆಗಿದ್ದೀತು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಒಗ್ಗರಣೆ ಅವಲಕ್ಕಿ ಮಾಡಿ, ಎಲ್ಲ ಕಟ್ಟಿಟ್ಟು ಕೂತೆವು. ಮಗ ಕೀಲಿ ತಿರುಗಿಸಿದ. ಟಕ್... ಟಕ್... ಟಕ್. ಅಷ್ಟೇ.

"ಅಮ್ಮ, ಸೆಲ್ಫ್ ತಗೊಳ್ತಾನೇ ಇಲ್ಲ. ಬ್ಯಾಟರಿ ಡೌನ್ ಆಗಿದೆ" ಎಂದ.

"ಅದು ಹೇಗೋ? ನನ್ನ ತಲೆಮೇಲೆ ದೀಪ ಉರೀತಿದೆಯಲ್ಲ!" ಎಂದೆ. ದೀಪವೇನು, ನೀರಿನ ಪಂಪೂ ಗುರ್ ಅನ್ನುತ್ತಿತ್ತು. ಛಾವಣಿಯ ಮೇಲೆ ಸೋಲಾರ್ ಹಲಗೆ ಬೇರೆ ಇತ್ತು. ನಮ್ಮವರು ಇಳಿದು ತೋಳು ಮಡಚಿದರು: "ನಡೀರಿ, ತಳ್ಳೋಣ." ಘಟ್ಟದ ಬಸ್ಸನ್ನು ತಳ್ಳಿದ ಅನುಭವ ಅವರದು. ಆದರೆ ಮೂರು ಟನ್ನಿಗೆ ಸಮೀಪದ ಗಾಡಿ, ಕೆಳಗೆ ಒದ್ದೆ ಹುಲ್ಲು. ಒಂದು ಮೊಳವೂ ಅಲುಗಲಿಲ್ಲ. ಗ್ಲಾಸ್ಗೋಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಸೊಸೆ ಗಡಿಯಾರ ನೋಡುತ್ತಾ ಸುಮ್ಮನೆ ನಿಂತಿದ್ದಳು. ಅವಳು ಹೋಗದಿದ್ದರೆ ಹಗಲಿಡೀ ದುಡಿದ ಇನ್ನೊಬ್ಬ ನರ್ಸು ರಾತ್ರಿಯೂ ವಾರ್ಡಿನಲ್ಲೇ ನಿಲ್ಲಬೇಕು.

ಪಕ್ಕದ ಗಾಡಿಯಿಂದ ಒಬ್ಬ ಅಜ್ಜಿ ಇಳಿದು ಬಂದರು. ಎಪ್ಪತ್ತು ದಾಟಿದ ವಯಸ್ಸು. ಇಂಗ್ಲೆಂಡಿನ ಯಾರ್ಕ್‌ಶೈರಿನವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಗಾಡಿ ಓಡಿಸಿಕೊಂಡು ಸುತ್ತುತ್ತಾರಂತೆ. ಕೈಯಲ್ಲಿ ಚಹಾದ ಲೋಟ, ಕಂಕುಳಲ್ಲಿ ಎಲೆಕ್ಟ್ರಿಷಿಯನ್ನರ ಹತ್ತಿರ ಇರುವಂಥ ಮೀಟರು! ಅವರ ಮಾತು ನನಗೆ ಅರ್ಧ ತಿಳಿಯಿತು, ಉಳಿದದ್ದನ್ನು ಸೊಸೆ ಕನ್ನಡಕ್ಕೆ ತಂದಳು.

ಮೊದಲು ನನ್ನ ದೀಪದ ಪ್ರಶ್ನೆಗೆ ಉತ್ತರ. ಇಂಥ ಗಾಡಿಯಲ್ಲಿ ಬ್ಯಾಟರಿ ಒಂದಲ್ಲ, ಎರಡು. ಒಂದು ಇಂಜಿನ್ನಿನದು, ಇನ್ನೊಂದು ಸಂಸಾರದ್ದು. ಸಂಸಾರದ ಬ್ಯಾಟರಿ ನಮ್ಮ ಮನೆಯ ಇನ್ವರ್ಟರ್ ಬ್ಯಾಟರಿಯ ಜಾತಿ. ದಪ್ಪ ಫಲಕಗಳು, ಗಂಟೆಗಟ್ಟಲೆ ನಿಧಾನವಾಗಿ ಕೊಡುವ ಗುಣ. ಇಂಜಿನ್ನಿನದು ತೆಳು ಫಲಕಗಳದ್ದು. ಡೀಸೆಲ್ ಇಂಜಿನ್ನನ್ನು ಎಬ್ಬಿಸಲು ಎರಡು ಮೂರು ಸೆಕೆಂಡು ನೂರಾರು ಆಂಪಿಯರ್ ಒಮ್ಮೆಲೇ ಕೊಟ್ಟು ಮುಗಿಸುತ್ತದೆ. ಗಾಡಿ ಓಡುವಾಗ ಡೈನಮೋ ಎರಡನ್ನೂ ತುಂಬಿಸುತ್ತದೆ. ಇಂಜಿನ್ ನಿಂತೊಡನೆ ರಿಲೇ ಎಂಬ ಸಣ್ಣ ಸ್ವಿಚ್ಚು ಎರಡನ್ನೂ ಬೇರೆ ಮಾಡುತ್ತದೆ, ಮನೆಯೊಳಗೆ ದೀಪ ಉರಿಸಿ ಇಂಜಿನ್ನಿನ ಪಾಲು ಖಾಲಿಯಾಗದಿರಲಿ ಎಂದು. ಕೂಡುಕುಟುಂಬದಲ್ಲಿ ಬೇರೆ ಒಲೆ ಹೂಡಿದ ಹಾಗೆ.

ಹಾಗಿದ್ದರೆ ಇಂಜಿನ್ನಿನ ಬ್ಯಾಟರಿ ಇಳಿದದ್ದು ಹೇಗೆ? ಇದೇ ಪ್ರಶ್ನೆ ಮಗನದೂ. ಅಜ್ಜಿ ಬಾನೆಟ್ ಎತ್ತಿಸಿ ಮೀಟರು ಹಿಡಿದರು. 11.6 ವೋಲ್ಟ್. ತುಂಬಿದ ಬ್ಯಾಟರಿ ಸುಮಾರು 12.7 ತೋರಿಸಬೇಕು. 12.2 ಎಂದರೆ ಅರ್ಧ, 11.8ಕ್ಕಿಂತ ಕೆಳಗೆ ಎಂದರೆ ಹೆಚ್ಚುಕಡಿಮೆ ಬರಿದು. ಮಗ ಕೂಡಲೇ ಕೇಬಲ್ ಹಾಕಿ ಎಬ್ಬಿಸೋಣ ಎಂದ. ಅಜ್ಜಿ ತಲೆಯಾಡಿಸಿದರು: "ಮೊದಲು ಕಳ್ಳನ್ನ ಹಿಡಿಯೋಣ, ಆಮೇಲೆ ಎಬ್ಬಿಸೋಣ. ಇಲ್ಲದಿದ್ರೆ ನಾಲ್ಕು ದಿನಕ್ಕೆ ಮತ್ತೆ ಇದೇ ಪಾಡು."

ಕಳ್ಳನನ್ನು ಹಿಡಿದ ಬಗೆ ಕೇಳಿ. ಈಗಿನ ಗಾಡಿಯಲ್ಲಿ ಸಣ್ಣಸಣ್ಣ ಕಂಪ್ಯೂಟರುಗಳಿವೆಯಲ್ಲ, ಕೀಲಿ ತೆಗೆದ ತಕ್ಷಣ ಅವು ಮಲಗುವುದಿಲ್ಲ. ಎಲ್ಲ ಬಾಗಿಲು ಮುಚ್ಚಿದ ಮೇಲೆ ಹತ್ತಿಪ್ಪತ್ತು ನಿಮಿಷವಾದರೂ ಬೇಕು. ಅಷ್ಟರಲ್ಲಿ ಯಾರಾದರೂ ಬಾಗಿಲು ತೆರೆದರೆ ಮುಗಿಯಿತು, ಮತ್ತೆ ಎಲ್ಲವೂ ಎದ್ದು ಕೂರುತ್ತವೆ. ಎಳೆಮಗುವಿನ ತೊಟ್ಟಿಲ ಹತ್ತಿರ ಪಾತ್ರೆ ಬೀಳಿಸಿದ ಹಾಗೆ. ನಮ್ಮ ಐವತ್ತು ಸಲದ ಬಾಗಿಲಿನ ಲೆಕ್ಕ ನೆನಪಾಯಿತೇ? ಬಾಗಿಲ ದೀಪ, ಬೀಗದ ಮೋಟಾರು, ಕಂಪ್ಯೂಟರು, ಎಲ್ಲವೂ ಕುಡಿಯುವುದು ಇಂಜಿನ್ನಿನ ಬ್ಯಾಟರಿಯಿಂದಲೇ. ಸಂಸಾರದ ಬ್ಯಾಟರಿಗೂ ಅವಕ್ಕೂ ಸಂಬಂಧವಿಲ್ಲ. ಅಜ್ಜಿ ಸ್ಕ್ರೂಡ್ರೈವರಿನಿಂದ ಬಾಗಿಲಿನ ಕೊಂಡಿಯನ್ನು ಒತ್ತಿಟ್ಟು, ತೆರೆದ ಬಾಗಿಲನ್ನೇ ಮುಚ್ಚಿದೆಯೆಂದು ಗಾಡಿಗೆ ನಂಬಿಸಿದರು! ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ನಡುವೆ ಮೀಟರು ಸೇರಿಸಿದರು. ಅದು ಹಾಗೆ ಸೇರಿದ್ದಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬಾರದೆಂದು ಕೀಲಿಯನ್ನು ನನ್ನ ಕೈಗೆ ಕೊಟ್ಟರು. ನಾವೆಲ್ಲ ಅರ್ಧ ಗಂಟೆ ಹುಲ್ಲಿನ ಮೇಲೆ ಅವಲಕ್ಕಿ ತಿನ್ನುತ್ತಾ ಕೂತೆವು. ಅಜ್ಜಿಯೂ ತಿಂದರು, ಹಸಿಮೆಣಸನ್ನು ಮಾತ್ರ ತಟ್ಟೆಯಂಚಿಗೆ ಸರಿಸಿ.

ಎಲ್ಲ ಮಲಗಿದ ಮೇಲೆ ಮೀಟರು 0.05 ಆಂಪಿಯರಿಗೆ ಇಳಿಯಬೇಕಿತ್ತು. ಅಲಾರಂ, ಗಡಿಯಾರ, ಬೀಗದ ನೆನಪು ಇವಕ್ಕೆ ಅಷ್ಟು ಬೇಕೇ ಬೇಕು. ಇಲ್ಲಿ 0.6ರಲ್ಲೇ ನಿಂತಿತ್ತು. ಅಜ್ಜಿ ಒಂದೊಂದೇ ಫ್ಯೂಸ್ ಕಿತ್ತು ನೋಡಿದರು. ಏನೂ ಬದಲಾಗಲಿಲ್ಲ. ಕೊನೆಗೆ ಬ್ಯಾಟರಿಯಿಂದ ನೇರವಾಗಿ ಹೊರಟ ಒಂದು ಕೆಂಪು ತಂತಿ ಕಣ್ಣಿಗೆ ಬಿತ್ತು. ಅದರ ಫ್ಯೂಸ್ ಕಿತ್ತದ್ದೇ ತಡ, ಮುಳ್ಳು ಇಳಿದ ಹಾಗೆ 0.04! ತಂತಿಯ ಜಾಡು ಹಿಡಿದರೆ ಸೀಟಿನ ಕೆಳಗೆ ರೇಡಿಯೋದ ಆಂಪ್ಲಿಫಯರ್. ಹಿಂದಿನ ಮಾಲೀಕರು ಹಾಕಿಸಿದ್ದು. ರೇಡಿಯೋ ಆರಿಸಿದರೂ ಅದು ಆರುತ್ತಿರಲಿಲ್ಲ. ಮುಟ್ಟಿದರೆ ಬೆಚ್ಚಗಿತ್ತು.

ಲೆಕ್ಕ ಹಾಕಿ ನೋಡೋಣ. 0.6 ಆಂಪಿಯರ್ ಎಂದರೆ ಏನೂ ಅಲ್ಲವೆನ್ನಿಸುತ್ತದೆ. 24 ಗಂಟೆಗೆ ಗುಣಿಸಿದರೆ 14.4 ಆಂಪಿಯರ್-ಗಂಟೆ. ಮೂರು ದಿನಕ್ಕೆ 43. ಬ್ಯಾಟರಿ ಹೊಸದಿದ್ದಾಗ 80 ಹಿಡಿಯುವಂಥದು, ಹಳತಾದಂತೆ ಹಿಡಿಯುವುದೂ ಕಡಿಮೆ. ತೊಟ್ಟಿಕ್ಕುವ ನಲ್ಲಿ ಬೆಳಗಾಗುವಷ್ಟರಲ್ಲಿ ತೊಟ್ಟಿ ಬರಿದು ಮಾಡುವುದಿಲ್ಲವೇ, ಹಾಗೆ. ಮೇಲೆ ಚಳಿ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಇಂಜಿನ್ ಎಣ್ಣೆ ಮಂದವಾಗಿ ತಿರುಗಲು ಹೆಚ್ಚು ಬಲ ಬೇಡುತ್ತದೆ. ಕೊಡುವವಳಿಗೆ ತ್ರಾಣವಿಲ್ಲ, ಕೇಳುವವನಿಗೆ ಹಸಿವು ಹೆಚ್ಚು!

ಸೋಲಾರ್ ಹಲಗೆ ಏನು ಮಾಡುತ್ತಿತ್ತು ಎಂದು ನಮ್ಮವರು ಕೇಳಿದರು. ಬಹಳ ಗಾಡಿಗಳಲ್ಲಿ ಅದು ತುಂಬಿಸುವುದು ಸಂಸಾರದ ಬ್ಯಾಟರಿಯನ್ನು ಮಾತ್ರ. ಕ್ಯಾಂಪಿನ ಕರೆಂಟಿಗೆ ಪ್ಲಗ್ಗು ಹಾಕಿಕೊಂಡರೂ ಎಷ್ಟೋ ಗಾಡಿಗಳಲ್ಲಿ ಅದೇ ಕಥೆ. ಜನ ಗೋಡೆಯ ಮೇಲಿನ ಹಸಿರು ದೀಪ ನೋಡಿ ಎಲ್ಲವೂ ಸರಿಯಿದೆಯೆಂದು ಮಲಗುತ್ತಾರೆ, ಆ ದೀಪ ಹೇಳುವುದು ಇನ್ನೊಂದು ಬ್ಯಾಟರಿಯ ಸಮಾಚಾರ! ಕೆಲವು ಕಡೆ ಆ ರಿಲೇ ಸ್ವಿಚ್ಚೇ ಅಂಟಿಕೊಂಡು ಎರಡೂ ಬ್ಯಾಟರಿ ಒಟ್ಟಿಗೆ ಬರಿದಾಗುವುದುಂಟು. ಫ್ರಿಜ್ಜಿನ ವಿಷಯವಂತೂ ಇನ್ನೂ ಜೋಕೆ. ಗ್ಯಾಸಿನಲ್ಲೂ ಕರೆಂಟಿನಲ್ಲೂ ಬ್ಯಾಟರಿಯಲ್ಲೂ ನಡೆಯುವ ಫ್ರಿಜ್ಜು ಬ್ಯಾಟರಿಯಿಂದ ಎಂಟು ಹತ್ತು ಆಂಪಿಯರ್ ಎಳೆಯುತ್ತದೆ. ಗಾಡಿ ನಿಂತಾಗ ಅದನ್ನು ಗ್ಯಾಸಿಗೆ ತಿರುಗಿಸಬೇಕು.

ಕಡೆಗೆ ಅಜ್ಜಿ ತಮ್ಮ ಗಾಡಿಯನ್ನು ಹತ್ತಿರ ತಂದು ಕೇಬಲ್ ಜೋಡಿಸಿದರು. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಅದರ ಇನ್ನೊಂದು ತುದಿ ಜೀವಂತ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪು ಕೇಬಲ್ ಜೀವಂತ ಬ್ಯಾಟರಿಯ ನೆಗೆಟಿವ್‌ಗೆ. ಅದರ ಕೊನೆಯ ತುದಿ ಮಾತ್ರ ಸತ್ತ ಬ್ಯಾಟರಿಗಲ್ಲ, ಆ ಗಾಡಿಯ ಇಂಜಿನ್ನಿನ ಬರಿಯ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಅಲ್ಲಿ ಕಿಡಿ ಹಾರಬಾರದು. ಹತ್ತು ನಿಮಿಷ ಅವರ ಇಂಜಿನ್ ಓಡಿದ ಮೇಲೆ ಮಗ ಕೀಲಿ ತಿರುಗಿಸಿದ. ಗರ್ರ್ ಎಂದು ಎದ್ದಿತು. ಗಂಟೆ ಹತ್ತೂಕಾಲು. ದಾರಿಯಲ್ಲಿ ಎಲ್ಲೂ ಇಂಜಿನ್ ಆರಿಸಬೇಡಿ ಎಂದರು. ಡಬ್ಬಿ ತುಂಬ ಅವಲಕ್ಕಿ ಕೊಟ್ಟೆ, ಈ ಸಲ ಮೆಣಸು ಆರಿಸಿ ತೆಗೆದು.

ಇದನ್ನೆಲ್ಲ ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲವಿಡೀ ಶೆಡ್ಡಿನಲ್ಲಿ ನಿಲ್ಲುವ ಕಾರುಗಳೆಷ್ಟು! ಕಳ್ಳನಿಲ್ಲದ ಕಾರೂ 0.05ರ ಲೆಕ್ಕದಲ್ಲಿ ದಿನಕ್ಕೆ 1.2 ಆಂಪಿಯರ್-ಗಂಟೆ ಕುಡಿಯುತ್ತದೆ. ಸಣ್ಣ ಕಾರಿನ 35ರ ಬ್ಯಾಟರಿ ಎರಡು ವಾರಕ್ಕೆ ಅರ್ಧವಾಗುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕೆಂದು ಬಹಳ ಜನ ತಿಳಿದಿದ್ದಾರೆ. ಸೆಲ್ಫ್ ಹೊಡೆದು ಕಳೆದದ್ದೇ ಅಷ್ಟರಲ್ಲಿ ಸರಿಯಾಗಿ ವಾಪಸು ಬರುವುದಿಲ್ಲ. ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಬೇಕು. ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ನೆಗೆಟಿವ್ ತಂತಿಯನ್ನು ಹತ್ತನೇ ನಂಬರ್ ಸ್ಪ್ಯಾನರಿನಿಂದ ಬಿಚ್ಚಿಟ್ಟು ಹೋಗಬಹುದು, ಗಡಿಯಾರ ಮತ್ತೆ ಹೊಂದಿಸಬೇಕಾದೀತು ಅಷ್ಟೆ. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಬಿಳಿ ಹೊಪ್ಪಳೆ ಗಟ್ಟಿಯಾಗಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ.

ನಾವು ಗ್ಲಾಸ್ಗೋ ತಲುಪಿದಾಗ ಸಂಜೆ ಐದು. ಸೊಸೆ ಸ್ನಾನ ಮಾಡಿ, ಒಂದು ಗಂಟೆ ಮಲಗಿ, ಡ್ಯೂಟಿಗೆ ಹೋದಳು. ಮಗ ಮರುದಿನ ಅಂಗಡಿಯಲ್ಲಿ ಬ್ಯಾಟರಿ ಪರೀಕ್ಷೆ ಮಾಡಿಸಿದ. ಅರ್ಧಕ್ಕರ್ಧ ಸತ್ವ ಹೋಗಿದೆ ಎಂದರು, ಹೊಸದು ಹಾಕಿಸಿದ. ಆಂಪ್ಲಿಫಯರ್ ಈಗ ಅವನ ಅಟ್ಟದಲ್ಲಿದೆ.