ನಾಯಿಗೆ ತಕ್ಕ ಮನೆ

ಬೀದಿಯಲ್ಲಿ ಗಾಯಗೊಂಡು ಬಿದ್ದ ನಾಯಿಯನ್ನು ಎತ್ತಿ ತಂದು ಉಪಚರಿಸುವುದು ದಯೆಯ ಕಾರ್ಯ. ಚೇತರಿಸಿಕೊಂಡ ಮೇಲೆ ಅದಕ್ಕೆ ತಕ್ಕ ಮನೆಯನ್ನು ಹುಡುಕುವುದು ವಿವೇಕದ ಕಾರ್ಯ. ಮೊದಲನೆಯದಕ್ಕೆ ಕರಗುವ ಮನಸ್ಸು ಸಾಕು. ಎರಡನೆಯದಕ್ಕೆ ತಾಳ್ಮೆಯೂ ಸತ್ಯವೂ ಬೇಕು.

ಜಿಲ್ಲಾ ಪಟ್ಟಣವೊಂದರ ಗೃಹಿಣಿಯೊಬ್ಬರು ಮಳೆಗಾಲದಲ್ಲಿ ಮೋರಿಯಿಂದ ಎತ್ತಿ ತಂದ ಕಂದುಬಣ್ಣದ ಹೆಣ್ಣುನಾಯಿಯ ಸಂಗತಿ ಇದಕ್ಕೆ ನಿದರ್ಶನವಾಗಿದೆ. ಕಾಲಿನ ಗಾಯ ಮಾಯಿತು. ಹುಚ್ಚುರೋಗ ಬಾರದಂತೆ ಚುಚ್ಚುಮದ್ದು ಹಾಕಿಸಿದುದಾಯಿತು. ಮರಿಗಳಾಗದಂತೆ ಶಸ್ತ್ರಚಿಕಿತ್ಸೆಯೂ ನಡೆಯಿತು. ಮೈಯಲ್ಲಿ ಬಲ ಕೂಡಿದೊಡನೆ ಅದರ ಸ್ವಭಾವವು ಹೊರಬಿದ್ದಿತು. ಬಂದವರ ಎದೆಯ ಮೇಲೆ ಮುಂಗಾಲನ್ನೂರಿ ಮುಖವನ್ನು ನೆಕ್ಕುವುದು, ಗಳಿಗೆಯೂ ಸುಮ್ಮನಿರಲಾರದೆ ಅಂಗಳವನ್ನು ಸುತ್ತುವುದು, ಒಣಗಹಾಕಿದ ಪಂಚೆಯನ್ನು ಎಳೆದುಕೊಂಡು ಓಡುವುದು—ಪ್ರೀತಿಯೂ ಚಾಪಲ್ಯವೂ ಅದರಲ್ಲಿ ಬೇರೆಬೇರೆಯಾಗಿರಲಿಲ್ಲ. ಮನೆಯಲ್ಲಿ ಕೋಲೂರಿ ನಡೆಯುವ ಅತ್ತೆಯವರಿದ್ದರು. ಅವರನ್ನು ಎಲ್ಲಿ ಕೆಡವೀತೋ ಎಂಬ ಭಯದಿಂದ ನಾಯಿಗೆ ಬೇರೆ ನೆಲೆಯನ್ನು ನೋಡಬೇಕಾಯಿತು.

ಮೊದಲು ಕೊಂಡೊಯ್ದವರು ಮಹಡಿಯ ಬಾಡಿಗೆಮನೆಯ ದಂಪತಿಗಳು. ಇಬ್ಬರೂ ಉದ್ಯೋಗಸ್ಥರು. ಹಗಲೆಲ್ಲ ಒಂಟಿಯಾಗಿದ್ದ ನಾಯಿ ಬಾಗಿಲಿನ ಚೌಕಟ್ಟನ್ನು ಕಡಿಯಿತು. ನೆರೆಯವರು ಬೇಸರಪಡುವಷ್ಟು ಬೊಗಳಿತು. ಒಂಬತ್ತನೆಯ ದಿನ ಅದು ಹಿಂದಿರುಗಿ ಬಂದಿತು. ಎರಡನೆಯವರಿಗೆ ಬೇಕಾಗಿದ್ದುದು ಉಗ್ರಾಣದ ಕಾವಲು. ಅಲ್ಲಿ ಅದು ಹಗಲಿರುಳು ಮೊಳದುದ್ದದ ಸರಪಳಿಯಲ್ಲಿದ್ದಿತು. ಗೃಹಿಣಿಯವರು ನೋಡಲು ಹೋದಾಗ ಎದ್ದು ಬಾಲವಾಡಿಸಿತೇ ಹೊರತು ನೆಗೆಯಲಿಲ್ಲ. ಅದನ್ನು ಕಂಡು ಅವರಿಗೆ ಕಣ್ಣೀರು ತಡೆಯಲಾಗಲಿಲ್ಲ; ಅಂದೇ ಬಿಡಿಸಿ ಕರೆತಂದರು.

ಮಹಾಭಾರತವೆಂದೊಡನೆ ಧರ್ಮರಾಜನನ್ನು ಕಡೆಯವರೆಗೂ ಹಿಂಬಾಲಿಸಿದ ನಾಯಿಯನ್ನು ಎಲ್ಲರೂ ನೆನೆಯುವರು. ಅದರ ಆದಿಪರ್ವದಲ್ಲಿಯೂ ಒಂದು ನಾಯಿಯುಂಟು. ಜನಮೇಜಯನ ಯಾಗಶಾಲೆಯಲ್ಲಿ ಹವಿಸ್ಸನ್ನು ಮುಟ್ಟದೆಯೂ ಪೆಟ್ಟು ತಿಂದ ಸರಮೆಯ ಮರಿ ಅದು. ತಪ್ಪೇನೆಂದು ಆ ತಾಯಿ ಕೇಳಿದಾಗ ಯಾರೂ ಉತ್ತರ ಕೊಡಲಿಲ್ಲ. ಓಡಲೆಂದೇ ಹುಟ್ಟಿದ ಪ್ರಾಣಿಯನ್ನು ಓಡಗೊಡದೆ ಕೂಡಿಹಾಕಿ, ಕೆಟ್ಟ ನಾಯಿಯೆಂದು ಹಿಂದಕ್ಕೆ ಕಳುಹಿಸುವವರಲ್ಲಿಯೂ ಆ ಪ್ರಶ್ನೆಗೆ ಉತ್ತರವಿರದು.

ಅಲ್ಲಿಂದ ಮುಂದೆ ಕೇಳಬಂದವರಿಗೆ ಆಕೆ ನಾಯಿಯ ಉಪದ್ರವಗಳನ್ನೇ ಮೊದಲು ಹೇಳತೊಡಗಿದರು. ಹಲವರು ಕಾಫಿ ಕುಡಿದು ಎದ್ದುಹೋದರು. ಕಡೆಗೆ ಹಿಪ್ಪುನೇರಳೆ ತೋಟದ ರೈತರೊಬ್ಬರು ಎಲ್ಲವನ್ನೂ ಕೇಳಿ, “ಬೆಳಿಗ್ಗೆ ಸಂಜೆ ತೋಟ ಸುತ್ತುವಾಗ ಜೊತೆಗೆ ಬರುವುದೇ?” ಎಂದರು. ಅವರ ಮಕ್ಕಳಿಬ್ಬರು ಆಗಲೇ ಅಂಗಳದಲ್ಲಿ ಅದರ ಹಿಂದೆ ಓಡುತ್ತಿದ್ದರು. ಒಂದು ತಿಂಗಳು ಇಟ್ಟುಕೊಂಡು ನೋಡುವುದೆಂದು ಒಪ್ಪಂದವಾಯಿತು. ಈಗ ಎರಡು ವರ್ಷವಾಗಿದೆ. ನಾಯಿ ಅಲ್ಲಿಯೇ ಇದೆ.

ಕನ್ನಡನಾಡಿಗೆ ಇದು ಹೊಸ ನೀತಿಯಲ್ಲ. 949ರ ತಕ್ಕೋಲದ ಯುದ್ಧದ ಬಳಿಕ ಗಂಗರ ಬೂತುಗನು ವೀರನಾದ ಮಣಲೇರನಿಗೆ ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಮುಂದೆ ಕಾಳಿ ಹಂದಿಯೊಡನೆ ಹೋರಾಡಿ ಮಡಿದಾಗ ಆತಕೂರಿನಲ್ಲಿ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿಯೂ ದತ್ತಿಯಾಯಿತು. ಆ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನು ಆ ನಾಯಿಯನ್ನು ಅದರ ಆವೇಗಸಹಿತವಾಗಿಯೇ ಬಯಸಿದ್ದನು. ಹಾಗೆ ಬಯಸಿ ಬರುವವರು ದೊರೆಯುವವರೆಗೆ ಕಾಯುವುದು ನಾಯಿಯನ್ನು ಎತ್ತಿ ತಂದವರ ಧರ್ಮ.