ಅಜ್ಜಿ ಕೂತ ಬೆಂಚು

ಜಿಂಬಾಬ್ವೆಯ ರಾಜಧಾನಿ ಹರಾರೆ. 2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅಲ್ಲಿನ ಬಡ ಬಡಾವಣೆಯೊಂದರ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ‘ಮಾನಸಿಕ ಆರೋಗ್ಯದ ಬೆಂಚು’ ಎಂದಾಗ ಜನ ಹತ್ತಿರ ಸುಳಿಯಲಿಲ್ಲ. ಅಜ್ಜಿಯರೇ ಹೇಳಿ ಅದನ್ನು ‘ಗೆಳೆತನದ ಬೆಂಚು’ ಮಾಡಿಸಿದರು.

ಅವರು ಖಿನ್ನತೆ ಎನ್ನುವುದಿಲ್ಲ. ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸಾ’ ಎನ್ನುತ್ತಾರೆ, ಅತಿಯಾಗಿ ಯೋಚಿಸುವುದು ಎಂದರ್ಥ. ನಾವು ‘ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ’ ಅಂತೀವಲ್ಲ, ಹಾಗೆ. ಎದುರಿಗಿರುವವರ ಮನಸ್ಸಿನಲ್ಲಿದ್ದದ್ದೆಲ್ಲ ಹೊರಬರುವವರೆಗೆ ಅಜ್ಜಿ ಕೇಳುತ್ತಾಳೆ. ಆಮೇಲೆ, ಮೊದಲು ಯಾವುದನ್ನು ಬಗೆಹರಿಸೋಣ ಎಂದು ವಿಚಾರಿಸುತ್ತಾಳೆ. 573 ಮಂದಿಯ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಬೆಂಚಿಗೆ ಬಂದವರಲ್ಲಿ ಖಿನ್ನತೆಯ ಲಕ್ಷಣಗಳು ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಬಹಳ ಕಡಿಮೆಯಿದ್ದವು.

ನಮ್ಮ ಮನೆಗಳಲ್ಲಿ ಆಗುವುದೇ ಬೇರೆ.

ಮಗಳು ಕೆಲಸದಿಂದ ಬಂದವಳು ಬ್ಯಾಗನ್ನೂ ಕೆಳಗಿಡದೆ, ‘ಅಮ್ಮಾ, ಇನ್ನು ನನ್ ಕೈಲಿ ಆಗಲ್ಲ’ ಎನ್ನುತ್ತಾಳೆ. ‘ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ? ನಮ್ ಕಾಲದಲ್ಲಿ...’ ಎಂದು ಅಮ್ಮ ಶುರು ಮಾಡುತ್ತಾಳೆ. ಪ್ರೀತಿಯಿಂದಲೇ ಬಂದ ಮಾತು, ನಿಜ. ಆದರೆ ಮಗಳು ಹೇಳಬೇಕೆಂದಿದ್ದದ್ದು ಅಲ್ಲಿಗೇ ನಿಂತುಹೋಗುತ್ತದೆ. ಒಲೆ ಆರಿಸಿ, ಪಕ್ಕದಲ್ಲಿ ಕೂತು, ‘ಏನಾಯ್ತು ಪುಟ್ಟಾ, ಹೇಳು’ ಎಂದಿದ್ದರೆ ಸಾಕಿತ್ತು.

ಕೇಳಿಯೂ ಪರಿಸ್ಥಿತಿ ಕೈಮೀರುತ್ತಿದೆ ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.